ಅರಿಶಿನದ ಕೆಳಗಿನ ಹಳದಿ ಗೆರೆ

೨೦೨೩ರ ದಸರಾ ಹೊತ್ತಿಗೆ ಪೀಣ್ಯ ಎರಡನೇ ಹಂತದಲ್ಲಿರುವ ನನ್ನ ಟೈರ್ ಅಂಗಡಿಗೆ ಹನ್ನೊಂದು ವರ್ಷ ತುಂಬಿತ್ತು. ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಒಂದು ಟೈರ್ ಕಂಪನಿಯ ತಾಂತ್ರಿಕ ವಿಭಾಗದಲ್ಲಿ ಕ್ಲೇಮ್ ಇನ್‌ಸ್ಪೆಕ್ಟರ್ ಆಗಿದ್ದೆ. ಒಡೆದ, ಉಬ್ಬಿದ, ಅಡ್ಡಾದಿಡ್ಡಿ ಸವೆದ ಟೈರನ್ನು ನೋಡಿ, ತಪ್ಪು ಕಾರ್ಖಾನೆಯದೋ ಡೀಲರನದೋ ಓಡಿಸಿದವನದೋ ಎಂದು ತೀರ್ಪು ಬರೆಯುವ ಕೆಲಸ. ಬೀದರಿನಿಂದ ಚಾಮರಾಜನಗರದವರೆಗೆ ಆ ಕೆಲಸಕ್ಕಾಗಿ ತಿರುಗಿದ್ದೇನೆ. ಹೊಸದಾಗಿ ಸೇರಿದವರಿಗೆ ಮೊದಲ ದಿನ ನಾನು ಹೇಳಿಕೊಡುತ್ತಿದ್ದ ಪಾಠ ಒಂದೇ: ಟೈರನ್ನು ಮೊದಲು ತೊಳೆಯಿರಿ, ಆಮೇಲೆ ಬಾಯಿ ತೆರೆಯಿರಿ. ಮಣ್ಣು ಮೆತ್ತಿದ ಟೈರಿನ ಮೇಲೆ ತೀರ್ಪು ಕೊಡುವವನು ಈ ಕೆಲಸಕ್ಕೆ ನಾಲಾಯಕ್ಕು. ಈ ಮಾತನ್ನು ಎಷ್ಟು ಸಲ, ಎಷ್ಟು ಜಂಬದಿಂದ ಹೇಳಿದ್ದೇನೋ ನನಗೇ ನೆನಪಿಲ್ಲ. ಈಗ ಹೇಳಹೊರಟಿರುವುದು ಆ ಜಂಬ ಇಳಿದ ಪ್ರಸಂಗ.

ನನ್ನ ಬಾಯಿ ಸ್ವಲ್ಪ ಜೋರು. ದಾವಣಗೆರೆ ಕಡೆಯವನು, ಮನಸ್ಸಿನಲ್ಲಿದ್ದದ್ದು ಮುಖದ ಮೇಲೆಯೇ ಬರುತ್ತದೆ. ಗಿರಾಕಿ ಕೇಳಿದ್ದನ್ನು ಕೊಟ್ಟು ಕಳಿಸುವುದು ವ್ಯಾಪಾರ ಎನ್ನುವವರಿದ್ದಾರೆ. ನನಗೆ ಅದು ಆಗಿಬರುವುದಿಲ್ಲ. ಗಾಡಿಗೆ ಹೊಂದದ ಟೈರ್ ಕೇಳಿದರೆ ‘ಬೇಡ, ನಾನು ಹಾಕಲ್ಲ’ ಎಂದು ಹೇಳಿ, ಅರ್ಧ ಗಂಟೆ ವಾದ ಮಾಡಿ, ಕಾಫಿ ಕುಡಿಸಿ ಕಳಿಸುತ್ತೇನೆ. ಜಗಳಗಂಟ ಎಂದು ಹೆಸರು ಬಂದಿದ್ದರೂ, ಜೀಪು, ಫೋರ್ ವೀಲ್ ಡ್ರೈವ್ ಇಟ್ಟುಕೊಂಡವರು ಬೆಂಗಳೂರಿನ ಮೂಲೆಮೂಲೆಯಿಂದ ನನ್ನಲ್ಲಿಗೆ ಬರುತ್ತಿದ್ದರು.

ಅಂಗಡಿಯ ಹಿರಿಯ ಫಿಟ್ಟರ್ ಪುಟ್ಟಸ್ವಾಮಿ. ಕುಣಿಗಲ್ ಕಡೆಯವನು, ಆಗ ಐವತ್ತೊಂದು ವರ್ಷ. ರಾಜಗೋಪಾಲನಗರದಲ್ಲಿ ಮನೆ. ಮೊದಲು ಪೀಣ್ಯದಲ್ಲೇ ರಿಮ್ ತಯಾರಿಸುವ ಕಾರ್ಖಾನೆಯೊಂದರಲ್ಲಿದ್ದು, ಅದು ಮುಚ್ಚಿದ ಮೇಲೆ ನನ್ನಲ್ಲಿಗೆ ಬಂದ. ಅಂಗಡಿ ತೆರೆದ ಮೂರನೇ ತಿಂಗಳಿನಿಂದಲೂ ಇದ್ದಾನೆ. ಮಾತು ಕಡಿಮೆ. ಅವನದೊಂದು ಪದ್ಧತಿ ಇತ್ತು. ಗಾಲಿಯ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಬಿಗಿ ಮಾಡುತ್ತಿದ್ದ. ನಿಗದಿಯಾದಷ್ಟು ಬಿಗಿ ಬಂದ ಕೂಡಲೇ ‘ಕಟಕ್’ ಎಂದು ಸದ್ದು ಮಾಡಿ ತಿಳಿಸುವ ಉದ್ದನೆಯ ಸ್ಪ್ಯಾನರ್ ಅದು. ಸದ್ದು ಬಂದ ಮೇಲೆ ಜೇಬಿನಿಂದ ಹಳದಿ ಪೇಂಟ್ ಮಾರ್ಕರ್ ತೆಗೆದು, ನಟ್ಟಿನ ಮೇಲಿಂದ ರಿಮ್ಮಿನ ಮೇಲಕ್ಕೆ ಒಂದು ಸಣ್ಣ ಗೆರೆ ಎಳೆಯುತ್ತಿದ್ದ. ನಟ್ಟು ಒಂದು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿಯುತ್ತದೆ, ಕಣ್ಣಿಗೆ ಕಾಣುತ್ತದೆ. ಕಾರ್ಖಾನೆಯಲ್ಲಿ ಕಲಿತ ಅಭ್ಯಾಸ. ಗೆರೆ ಇಲ್ಲದ ಗಾಡಿ ನಮ್ಮ ಅಂಗಡಿಯಿಂದ ಹೊರಗೆ ಹೋದದ್ದಿಲ್ಲ.

ದಸರಾ ಕಳೆದ ಎರಡನೇ ವಾರ ಗೋಪಾಲಪ್ಪ ಬಂದರು. ಕಾಡುಗೋಡಿಯ ಹಳೇ ಒಕ್ಕಲು ಮನೆತನ. ಅಪ್ಪನ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಮೂರು ಪಿ.ಜಿ. ಕಟ್ಟಡ. ವಯಸ್ಸು ಐವತ್ತೆಂಟು, ಬಿಳಿ ಅಂಗಿ, ಕೈಯಲ್ಲಿ ಎರಡು ಫೋನು. ಹೊಸ ಫೋರ್ ವೀಲ್ ಡ್ರೈವ್ ಎಸ್‌ಯುವಿಯಲ್ಲಿ ಬಂದಿಳಿದವರೇ ಒಂದು ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದರು. ಇಪ್ಪತ್ತು ಇಂಚಿನ ಹೊಳೆಯುವ ಅಲಾಯ್ ವೀಲು, ಅದರ ಮೇಲೆ ದಪ್ಪ ಹಲ್ಲಿನ ಮಡ್ ಟೆರೇನ್ ಟೈರು, ಬಾನೆಟ್ಟು ಆಳೆತ್ತರಕ್ಕೆ.

“ಇಂಗೇ ಕಾಣ್ಬೇಕು ಸಾರ್. ಏನ್ ಖರ್ಚಾದ್ರೂ ಆಗ್ಲಿ.”

“ಕಾಣೋದು ಆಮೇಲೆ. ಗಾಡಿ ಎಲ್ಲೆಲ್ಲಿ ಓಡುತ್ತೆ ಹೇಳಿ. ತಿಂಗಳಲ್ಲಿ ಎಷ್ಟು ದಿನ ಡಾಂಬರು, ಎಷ್ಟು ದಿನ ಮಣ್ಣು?” ಎಂದೆ.

ಮೊದಲು ‘ಎಲ್ಲಾ ಕಡೆ’ ಎಂದರು. ಬಿಡಿಸಿ ಕೇಳಿದಾಗ ವಿಷಯ ಹೊರಗೆ ಬಂತು. ಶ್ರೀನಿವಾಸಪುರದ ಹತ್ತಿರ ಅವರದೊಂದು ಮಾವಿನ ತೋಟ. ವಾರಕ್ಕೊಮ್ಮೆ ಹೋಗುತ್ತಾರೆ. ಕೊನೆಯ ಎರಡು ಕಿಲೋಮೀಟರ್ ಕೆರೆಯಂಗಳದ ಪಕ್ಕದ ಜೇಡಿಮಣ್ಣಿನ ದಾರಿ. ಆ ಮಳೆಗಾಲದಲ್ಲಿ ಎರಡು ಸಲ ಗಾಡಿ ಹೂತುಹೋಗಿತ್ತು. ಎರಡು ಸಲವೂ ಟ್ರ್ಯಾಕ್ಟರ್ ತಂದು ಎಳೆದು ಹಾಕಿದವನು ಇವರ ದಾಯಾದಿ. ಇಬ್ಬರಿಗೂ ಹದಿನಾಲ್ಕು ವರ್ಷದಿಂದ ಮಾತಿಲ್ಲ.

“ಹಗ್ಗ ಕಟ್ಟೋವಾಗ ಅವ್ನು ನಕ್ಕ ಸಾರ್,” ಎಂದರು ಗೋಪಾಲಪ್ಪ. “ಇನ್ನೊಂದ್ಸಲ ಅವ್ನ ಟ್ರ್ಯಾಕ್ಟರ್ ನನ್ ಗಾಡಿ ಮುಂದೆ ನಿಲ್ಲಬಾರ್ದು, ಅಷ್ಟೇ.”

ಈಗ ನನಗೆ ಕೆಲಸ ಅರ್ಥವಾಯಿತು. ಗಾಡಿಯ ಹತ್ತಿರ ಕರೆದೊಯ್ದು ಅವರದೇ ಟೈರನ್ನು ತೋರಿಸಿದೆ. ಕಂಪನಿಯಿಂದ ಬಂದದ್ದು ಹೆದ್ದಾರಿಯ ಟೈರು. ಅದರ ಗೀರುಗಳು ಕಿರಿದು. ಜೇಡಿಮಣ್ಣು ಗೀರಿನಲ್ಲಿ ತುಂಬಿಕೊಂಡರೆ ಟೈರು ಬೋಳಾದಂತೆಯೇ, ಬರೀ ಸುತ್ತುತ್ತದೆ. ಅವರು ಕೇಳುತ್ತಿದ್ದ ಮಡ್ ಟೆರೇನ್ ಟೈರಿನಲ್ಲಿ ಹಲ್ಲುಗಳ ನಡುವೆ ಹೆಬ್ಬೆರಳು ಹೋಗುವಷ್ಟು ಸಂದು. ಕೆಸರನ್ನು ಒದ್ದು ಹೊರಗೆ ಹಾಕುತ್ತದೆ, ನಿಜ. ಆದರೆ ಡಾಂಬರಿನ ಮೇಲೆ ನೆಲಕ್ಕೆ ತಾಗುವ ರಬ್ಬರ್ ಕಡಿಮೆ. ಮಳೆಯಲ್ಲಿ ಬ್ರೇಕ್ ಒತ್ತಿದರೆ ಗಾಡಿ ನಿಲ್ಲುವುದು ತಡ, ಎಂಬತ್ತರ ವೇಗದಲ್ಲಿ ಹಿಟ್ಟಿನ ಗಿರಣಿಯಂಥ ಸದ್ದು.

“ವಾರದಲ್ಲಿ ಆರು ದಿನ ನೀವು ವೈಟ್‌ಫೀಲ್ಡ್ ಟ್ರಾಫಿಕ್ಕಿನಲ್ಲಿ ನಿಲ್ಲೋರು. ಗಂಬೂಟು ಹಾಕ್ಕೊಂಡು ಮದುವೆ ಮನೆಗೆ ಹೋಗ್ತೀರೇನ್ರೀ?” ಎಂದೆ.

ಗೋಪಾಲಪ್ಪ ನಗಲಿಲ್ಲ. ಆದರೆ ಕಾಫಿ ತೆಗೆದುಕೊಂಡರು.

ಎರಡರ ನಡುವಿನದು ಆಲ್ ಟೆರೇನ್. ಅಂಚಿನಲ್ಲಿ ದಪ್ಪ ಹಲ್ಲು, ನಡುವೆ ಒತ್ತಾದ ಹಲ್ಲು. ಡಾಂಬರಿಗೂ ಸೈ, ಎರಡು ಕಿಲೋಮೀಟರ್ ಜೇಡಿಮಣ್ಣಿಗೂ ಸೈ. ಅಳತೆಯ ವಿಷಯಕ್ಕೆ ಕಾಗದ ತೆಗೆದುಕೊಂಡೆ. ಅವರ ಗಾಡಿಗೆ ಕಂಪನಿ ಕೊಟ್ಟದ್ದು 255/65 R18. ಮೊದಲ ಸಂಖ್ಯೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು, ರಿಮ್ಮಿನಿಂದ ನೆಲದವರೆಗಿನ ರಬ್ಬರಿನ ಗೋಡೆ ಅಗಲದ ಶೇಕಡಾ ಎಷ್ಟು ಎಂಬುದು. ಕೊನೆಯದು ರಿಮ್ಮಿನ ವ್ಯಾಸ, ಇಂಚಿನಲ್ಲಿ. ನಾನು ಹೇಳಿದ್ದು 255/70 R17. ರಿಮ್ಮು ಒಂದು ಇಂಚು ಚಿಕ್ಕದು, ಗೋಡೆ ಹದಿಮೂರು ಮಿಲಿಮೀಟರ್ ಎತ್ತರ. ಟೈರಿನ ಒಟ್ಟು ಎತ್ತರ ಎರಡರದ್ದೂ ಏಳುನೂರ ಎಂಬತ್ತೊಂಬತ್ತು ಮಿಲಿಮೀಟರ್. ಹಾಗಾಗಿ ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ, ಸ್ಟೀರಿಂಗ್ ತಿರುಗಿಸಿದಾಗ ಟೈರು ಮಡ್‌ಗಾರ್ಡಿಗೆ ಉಜ್ಜುವುದಿಲ್ಲ. ಗೋಡೆ ಎತ್ತರವಿದ್ದರೆ ಕೆಸರಿನಲ್ಲಿ ಗಾಳಿಯ ಒತ್ತಡವನ್ನು ಮೂವತ್ತನಾಲ್ಕರಿಂದ ಇಪ್ಪತ್ತೆರಡಕ್ಕೆ ಇಳಿಸಿ ಟೈರನ್ನು ಅಗಲವಾಗಿ ಕೂರಿಸಬಹುದು. ಹೊರಗೆ ಬಂದ ಮೇಲೆ ತುಂಬಿಸಿಕೊಂಡರೆ ಆಯಿತು. ಇಪ್ಪತ್ತು ಇಂಚಿನ ರಿಮ್ಮಿಗೆ ಗೋಡೆ ಎಲ್ಲಿರುತ್ತದೆ? ಕಲ್ಲಿಗೆ ಬಡಿದರೆ ನೇರವಾಗಿ ರಿಮ್ಮೇ ಸೊಟ್ಟ.

ರಿಮ್ಮು ಸ್ಟೀಲಿನದೇ ಇರಲಿ ಎಂದೆ. ಸೊಟ್ಟಗಾದರೆ ಶ್ರೀನಿವಾಸಪುರದಲ್ಲೇ ತಟ್ಟಿ ಸರಿ ಮಾಡುತ್ತಾರೆ. ಅಲಾಯ್ ಆದರೆ ಬಿರುಕು. ಸ್ಟೆಪ್ನಿಯೂ ಅದೇ ಅಳತೆಯದು, ಆದ್ದರಿಂದ ನಾಲ್ಕಲ್ಲ, ಐದು. ಒಂದೂವರೆ ಗಂಟೆಯ ವಾದ ಅದು. ಕೊನೆಗೆ ಗೋಪಾಲಪ್ಪ ಸೋತರು.

“ಆಯ್ತು ಸಾರ್, ನೀವೇಳ್ದಂಗೇ ಆಗ್ಲಿ. ಆದ್ರೆ ಈ ಬೂದಿ ಬಣ್ಣದ ರಿಮ್ಮು ಎತ್ತಿನ ಗಾಡಿ ಥರ ಐತೆ. ಫಳಫಳ ಕರಿ ಬಣ್ಣ ಮಾಡಿಸ್ಕೊಡಿ. ಅಷ್ಟೂ ಇಲ್ಲಾಂದ್ರೆ ಮನೇಲಿ ಮರ್ಯಾದೆ ಓಗುತ್ತೆ.”

ಗೆದ್ದ ಖುಷಿಯಲ್ಲಿದ್ದೆ. ಬಣ್ಣ ತಾನೇ, ಮಾಡಿಸಿದರಾಯಿತು ಎಂದೆ. ಎರಡು ರಸ್ತೆ ಆಚೆಯ ಪೌಡರ್ ಕೋಟಿಂಗ್ ಘಟಕಕ್ಕೆ ಐದೂ ರಿಮ್ ಕಳಿಸಿದೆ. ಬಣ್ಣದ ಪುಡಿಯನ್ನು ಲೋಹಕ್ಕೆ ಹಿಡಿಸಿ, ಒಲೆಯಲ್ಲಿ ಬೇಯಿಸಿ ಗಟ್ಟಿ ಮಾಡುವ ವಿಧಾನವದು. ಹೊಳಪು ಹೆಚ್ಚಾಗಲೆಂದು ಎರಡು ಪದರ ಹಾಕಲು ಹೇಳಿದವನೂ ನಾನೇ.

ಇದರ ನಡುವೆ ಗೋಪಾಲಪ್ಪನವರ ಮನೆಯಲ್ಲಿ ದಿನ ನೋಡಿಸಿದ್ದರು. ಸೋಮವಾರ ಬೆಳಿಗ್ಗೆ ರಾಹುಕಾಲ ಹುಟ್ಟುವ ಮೊದಲು ಹೊಸ ಗಾಲಿಗೆ ಪೂಜೆ. ಪೌಡರ್ ಕೋಟಿಂಗಿನವನು ಶುಕ್ರವಾರ ಕೊಡುತ್ತೇನೆಂದವನು ಭಾನುವಾರ ಮಧ್ಯಾಹ್ನ ತಂದಿಳಿಸಿದ. ಅಂಗಳದಲ್ಲಿ ಇನ್ನೂ ಮೂರು ಗಾಡಿ ಕಾಯುತ್ತಿದ್ದವು, ನನ್ನ ಕಿವಿಗೆ ಫೋನು ಅಂಟಿಕೊಂಡಿತ್ತು. ರಿಮ್ಮುಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ನೋಡಿದೆ, ಚಲನ್ ಮೇಲೆ ‘ಓಕೆ’ ಎಂದು ಬರೆದು ಸಹಿ ಹಾಕಿದೆ. ಪುಟ್ಟಸ್ವಾಮಿ ಸಂಜೆಯೊಳಗೆ ಟೈರು ಏರಿಸಿ, ಬ್ಯಾಲೆನ್ಸ್ ಮಾಡಿ, ಅಲೈನ್‌ಮೆಂಟ್ ನೋಡಿ ಗಾಡಿ ಕೊಟ್ಟ.

ನೂರು ಕಿಲೋಮೀಟರ್ ಓಡಿದ ಮೇಲೆ ಗಾಡಿಯನ್ನು ವಾಪಸ್ ತರಬೇಕು, ನಟ್ಟುಗಳ ಬಿಗಿಯನ್ನು ಮತ್ತೊಮ್ಮೆ ನೋಡಬೇಕು. ಹೊಸ ರಿಮ್ ಹಾಕಿದಾಗ ಇದು ನಮ್ಮ ಕಾನೂನು. ಗುರುವಾರ ನಾನೇ ಫೋನ್ ಮಾಡಿ ನೆನಪಿಸಿದೆ.

“ಪೂಜೆ ಆಗೈತೆ ಸಾರ್,” ಎಂದರು ಗೋಪಾಲಪ್ಪ. “ಮನೆದೇವ್ರಿಗೆ ಓಗಿ ಬರೋವರ್ಗೂ ಗಾಲಿಗೆ ಕಬ್ಬಿಣ ತಾಗಿಸ್ಬಾರ್ದು ಅಂತಾರೆ ನಮ್ಮನೆಯವ್ರು. ಭಾನುವಾರ ಮುಳಬಾಗಿಲು ಕಡೆ ಓಗ್ತಿದೀವಿ. ಮಂಗಳವಾರ ತಂದ್ಬಿಡ್ತೀನಿ.”

ಟೈರಿನ ಅಳತೆಗೆ ಒಂದೂವರೆ ಗಂಟೆ ಕಿತ್ತಾಡಿದವನು ನಾನು, ಇದಕ್ಕೆ ಅರ್ಧ ನಿಮಿಷವೂ ವಾದ ಮಾಡಲಿಲ್ಲ. ಹೆಣ್ಣುಮಕ್ಕಳ ನಂಬಿಕೆ, ನಾಲ್ಕೈದು ದಿನದ ಮಾತು, ಯಾಕೆ ಸುಮ್ಮನೆ ಎನಿಸಿತು. ‘ಆಯ್ತು ಬಿಡಿ’ ಎಂದು ಫೋನಿಟ್ಟೆ.

ಭಾನುವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹೊಸಕೋಟೆ ದಾಟಿದ ಮೇಲೆ ಗಾಡಿಯ ಮುಂದಿನ ಎಡಗಾಲಿ ನಡುಗಲು ಶುರುವಾಯಿತು. ಗೋಪಾಲಪ್ಪ ರಸ್ತೆ ಸರಿಯಿಲ್ಲ ಅಂದುಕೊಂಡರು. ಮುಂದೆ ದಡದಡ ಸದ್ದು. ವೇಗ ಇಳಿಸಿ ಅಂಚಿಗೆ ತಂದು ನಿಲ್ಲಿಸಿ ನೋಡಿದರೆ, ಆರು ನಟ್ಟುಗಳಲ್ಲಿ ಎರಡು ಕಾಣೆ, ಉಳಿದ ನಾಲ್ಕು ಬೆರಳಲ್ಲಿ ತಿರುಗುತ್ತಿವೆ. ಒಳಗೆ ಹೆಂಡತಿ ಜಯಮ್ಮ, ಮಗಳು, ಮೂರು ವರ್ಷದ ಮೊಮ್ಮಗಳು. ಇನ್ನು ಎರಡು ಕಿಲೋಮೀಟರ್ ಹೋಗಿದ್ದರೆ ಗಾಲಿ ಕಳಚಿ ಬೀಳುತ್ತಿತ್ತು. ಯಾರಿಗೂ ಏನೂ ಆಗಲಿಲ್ಲ.

ಮಧ್ಯಾಹ್ನ ಮೂರಕ್ಕೆ ಗಾಡಿ ಟೋಯಿಂಗ್ ಲಾರಿಯ ಮೇಲೆ ನಮ್ಮ ಅಂಗಡಿಗೆ ಬಂತು. ನಾಲ್ಕೂ ಗಾಲಿಗೆ ಅರಿಶಿನ ದಪ್ಪವಾಗಿ ಬಳಿದು ಒಣಗಿತ್ತು. ಮೇಲೆ ಕುಂಕುಮ, ನಟ್ಟು ನಟ್ಟಿಗೂ ಗಂಧ, ಬಾಡಿದ ಸೇವಂತಿಗೆ. ಗೋಪಾಲಪ್ಪನವರ ಮುಖ ಕೆಂಪೇರಿತ್ತು.

“ಯಾರ್ರೀ ನಟ್ ಹಾಕಿದ್ದು? ಕರೀರಿ ಅವ್ನನ್ನ! ನನ್ ಮೊಮ್ಮಗಳು ಇತ್ತು ಗಾಡೀಲಿ!”

ಅಂಗಳದಲ್ಲಿ ಆರೇಳು ಜನ ಗಿರಾಕಿಗಳು, ಪಕ್ಕದ ಅಂಗಡಿಯವರು. ಪುಟ್ಟಸ್ವಾಮಿ ಕೈ ಒರೆಸಿಕೊಳ್ಳುತ್ತಾ ಬಂದು ನಿಂತ. ನನಗೆ ಒಂದು ಕಡೆ ಭಯ, ಇನ್ನೊಂದು ಕಡೆ ಅಂಗಡಿಯ ಹೆಸರಿನ ಚಿಂತೆ. ಎರಡೂ ಸೇರಿ ಬಾಯಿಗೆ ಬಂತು.

“ನಟ್ ಟೈಟ್ ಮಾಡಿದ್ಯೇನಯ್ಯಾ?”

“ಮಾಡಿದೀನಿ ಸಾರ್.”

“ಮಾಡಿದ್ರೆ ಹೆಂಗೆ ಬಿಚ್ಕೊಳ್ತು, ದೆವ್ವ ಬಿಚ್ತಾ?” ಎಂದರು ಗೋಪಾಲಪ್ಪ. ಇನ್ನೂ ಏನೇನೋ ಅಂದರು, ಅದನ್ನು ಇಲ್ಲಿ ಬರೆಯಲಾರೆ.

ಪುಟ್ಟಸ್ವಾಮಿ ಅವರನ್ನು ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದ. ಯಾಕೆ ನೋಡುತ್ತಿದ್ದಾನೆಂದು ನನಗೆ ಆಗ ತಿಳಿಯಲಿಲ್ಲ. ಉತ್ತರವಿಲ್ಲದೆ ನಿಂತಿದ್ದಾನೆ ಎಂದುಕೊಂಡೆ.

“ನಾಳೆಯಿಂದ ಬರಬೇಡ, ಹೋಗು,” ಎಂದೆ. ಎಲ್ಲರ ಎದುರಿಗೇ ಅಂದೆ.

ಅವನು ಜೇಬಿನಿಂದ ಹಳದಿ ಮಾರ್ಕರ್ ತೆಗೆದು ನನ್ನ ಮೇಜಿನ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೋದ.

ಸೋಮವಾರ ನಮಗೆ ರಜೆ. ಆದರೂ ಅಂಗಡಿಗೆ ಹೋದೆ. ಏನೇ ಅವಘಡವಾದರೂ ಫೋಟೋ ತೆಗೆದು ವರದಿ ಬರೆದಿಡುವುದು ಕ್ಲೇಮ್ ಕೆಲಸದಿಂದ ಬಂದ ಚಟ. ಫೋಟೋಕ್ಕೆ ಅಡ್ಡವಾಗುತ್ತದೆಂದು ಪೈಪು ಹಿಡಿದು ಗಾಲಿಗಳ ಮೇಲಿನ ಅರಿಶಿನ ತೊಳೆಯತೊಡಗಿದೆ. ಹಿಂದಿನ ಬಲಗಾಲಿಯಿಂದ ಅರಿಶಿನ ಹರಿದು ಹೋಗುತ್ತಿದ್ದಂತೆ, ಅದರ ಕೆಳಗೆ ಹಳದಿ ಹಾಗೇ ಉಳಿಯಿತು. ಬ್ರಷ್ ಹಾಕಿ ಉಜ್ಜಿದೆ. ಹೋಗಲಿಲ್ಲ. ಬಗ್ಗಿ ನೋಡಿದೆ. ಆರು ನಟ್ಟು, ಆರು ಗೆರೆ. ಪುಟ್ಟಸ್ವಾಮಿಯ ಗೆರೆ. ಒಂದೂ ಮುರಿದಿರಲಿಲ್ಲ.

ಮುಂದಿನ ಎಡಗಾಲಿ ಬಿಟ್ಟು ಉಳಿದ ಎರಡು ಗಾಲಿಗಳನ್ನೂ ತೊಳೆದೆ. ಅಲ್ಲೂ ಹಾಗೆಯೇ. ಒಟ್ಟು ಹದಿನೆಂಟು ನಟ್ಟುಗಳ ಮೇಲೆ ಹದಿನೆಂಟು ನೆಟ್ಟಗಿನ ಗೆರೆ. ಅಂದರೆ ಅವನು ಬಿಗಿ ಮಾಡಿದ ಮೇಲೆ ಈ ನಟ್ಟುಗಳು ಒಂದಿಷ್ಟೂ ತಿರುಗಿಲ್ಲ. ಟಾರ್ಕ್ ರೆಂಚ್ ಹಾಕಿದೆ. ನಮ್ಮ ಅಳತೆ ನೂರ ನಲವತ್ತು ನ್ಯೂಟನ್ ಮೀಟರ್. ನಟ್ಟು ಎಪ್ಪತ್ತೈದಕ್ಕೇ ತಿರುಗಿಬಿಟ್ಟಿತು. ಇನ್ನೊಂದು ಎಂಬತ್ತಕ್ಕೆ, ಮತ್ತೊಂದು ಎಪ್ಪತ್ತಕ್ಕೆ.

ತಿರುಗದೇ ಇರುವ ನಟ್ಟು ಸಡಿಲವಾಗುವುದು ಹೇಗೆ? ಗಾಲಿ ಬಿಚ್ಚಿದೆ. ರಿಮ್ಮಿನಲ್ಲಿ ನಟ್ಟು ಕೂರುವ ಕುಳಿಗಳಲ್ಲಿ ಕಪ್ಪು ಬಣ್ಣ ನಜ್ಜುಗುಜ್ಜಾಗಿ ಪುಡಿಯಾಗಿ ಉದುರಿತು. ರಿಮ್ಮಿನ ಹಿಂಭಾಗದಲ್ಲಿ, ಗಾಡಿಯ ಹಬ್ಬಿಗೆ, ಅಂದರೆ ಗಾಲಿಯನ್ನು ಹೊರುವ ಲೋಹದ ತಟ್ಟೆಗೆ, ಅಂಟಿ ಕೂರುವ ಜಾಗದಲ್ಲೂ ಅದೇ ಕಥೆ. ಲೋಹ ಲೋಹಕ್ಕೆ ಕೂರಬೇಕಾದ ಕಡೆಯೆಲ್ಲ ಎರಡು ಪದರ ಬಣ್ಣ. ಆ ಜಾಗಗಳನ್ನು ಮುಚ್ಚಿಟ್ಟು ಕೋಟಿಂಗ್ ಮಾಡಬೇಕಿತ್ತು, ಮಾಡಿರಲಿಲ್ಲ. ನಟ್ಟು ಬಿಗಿಯಾಗಿ ಕೂತದ್ದು ಬಣ್ಣದ ಮೇಲೆ. ಗಾಡಿ ಓಡಿ ಬಿಸಿಯಾದಂತೆ ಬಣ್ಣ ಅಪ್ಪಚ್ಚಿಯಾಯಿತು. ನಟ್ಟು ಅಲ್ಲೇ ಇದೆ, ಬಿಗಿ ಮಾತ್ರ ಹೋಯಿತು. ಮುಂದಿನ ಎಡಗಾಲಿಯ ಹಿಂಭಾಗದಲ್ಲಿ ಬಣ್ಣ ಹರಿದು ಗಡ್ಡೆ ಕಟ್ಟಿತ್ತು. ಅದು ಉದುರಿದಾಗ ಅಲ್ಲಿ ಬಿಗಿಯೇ ಉಳಿಯದೆ, ನಟ್ಟುಗಳು ತಿರುಗಿ ಹೊರಬಂದಿದ್ದವು.

ರಿಮ್ಮನ್ನು ಕೈಯಲ್ಲಿ ಹಿಡಿದು ಕೂತಿದ್ದಾಗ, ರಿಮ್ಮುಗಳು ಬಣ್ಣವಾಗಿ ಬಂದ ಹಿಂದಿನ ಭಾನುವಾರದ ಮಧ್ಯಾಹ್ನ ನೆನಪಾಯಿತು. ನಾನು ಫೋನಿನಲ್ಲಿದ್ದೆ. ಪುಟ್ಟಸ್ವಾಮಿ ರಿಮ್ ಎತ್ತಿಕೊಂಡು ಬಂದು ಕುಳಿಯನ್ನು ತೋರಿಸಿದ್ದ. ‘ಸಾರ್, ಕೂರೋ ಜಾಗದಲ್ಲೆಲ್ಲ ಬಣ್ಣ ಐತೆ, ಕೆರೀಬೇಕು. ಒಂದೆರಡು ಗಂಟೆ ಆಯ್ತದೆ.’ ನಾನು ಫೋನಿಗೆ ಕೈ ಅಡ್ಡ ಹಿಡಿದು, ‘ಹೊಸ ಬಣ್ಣ ಕೆರೆದ್ರೆ ಆ ಮನುಷ್ಯ ಸುಮ್ನಿರ್ತಾನಾ? ನೂರು ಕಿಲೋಮೀಟರ್‌ಗೆ ಬರ್ತಾನಲ್ಲ, ಆಗ ನೋಡೋಣ, ಹಾಕಿಬಿಡು’ ಎಂದಿದ್ದೆ. ಅವನು ಹೋಗಿ, ಮತ್ತೆ ಬಂದಿದ್ದ. ಎರಡನೇ ಸಲ ನಾನು ಬರೀ ಕೈಸನ್ನೆ ಮಾಡಿದ್ದೆ.

ನಾಚಿಕೆ ಎಂದರೆ ಏನೆಂದು ನನಗೆ ಗೊತ್ತಾದದ್ದು ಐವತ್ತೇಳನೇ ವಯಸ್ಸಿನಲ್ಲಿ, ಆ ಒದ್ದೆ ಅಂಗಳದಲ್ಲಿ. ಇಪ್ಪತ್ತೆರಡು ವರ್ಷ ಊರಿಗೆಲ್ಲ ತೊಳೆದು ನೋಡಿ ಎಂದು ಪಾಠ ಹೇಳಿದವನು, ನನ್ನ ಕೈಕೆಳಗಿನ ಮನುಷ್ಯನ ವಿಷಯಕ್ಕೆ ಒಂದು ಬಕೆಟ್ ನೀರು ಖರ್ಚು ಮಾಡಿರಲಿಲ್ಲ.

ಸಂಜೆ ರಾಜಗೋಪಾಲನಗರಕ್ಕೆ ಹೋದೆ. ಪುಟ್ಟಸ್ವಾಮಿ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದ. ಬೆಳಿಗ್ಗೆಯೇ ಎರಡು ಕಡೆ ಕೆಲಸ ಕೇಳಲು ಹೋಗಿದ್ದನಂತೆ. ಪೀಣ್ಯದಲ್ಲಿ ಸುದ್ದಿ ಹರಡಲು ಎಷ್ಟು ಹೊತ್ತು? ಒಂದು ಟೈರ್ ಅಂಗಡಿಯವನು ‘ನಟ್ ಬಿಟ್ಟೋನು ನೀನೇನಾ?’ ಎಂದು ಕೇಳಿ ಕಳಿಸಿದ್ದ. ಇನ್ನೊಂದು ಕಡೆ ‘ಆಮೇಲೆ ಹೇಳ್ತೀವಿ’ ಎಂದಿದ್ದರು. ಮೂವತ್ತು ವರ್ಷ ರಿಮ್ಮು, ನಟ್ಟುಗಳ ಜೊತೆಗೇ ಬದುಕಿದವನಿಗೆ ಒಂದೇ ದಿನದಲ್ಲಿ ಅಂಟಿದ ಹೆಸರು ಅದು. ಅಂಟಿಸಿದವನು ನಾನು.

“ಗೆರೆ ನೋಡಿದೆ ಕಣಯ್ಯಾ. ತಪ್ಪು ನಂದು. ನೀನು ಎರಡು ಸಲ ಹೇಳಿದ್ದೆ,” ಎಂದೆ.

ಅವನು ಕಟ್ಟೆಯಿಂದ ಎದ್ದು ನಿಂತ.

“ನಿನ್ನೆ ಯಾಕೆ ಬಾಯಿ ಬಿಡಲಿಲ್ಲ ನೀನು?”

“ಟೈಟ್ ಮಾಡಿದ್ಯಾ ಅಂತ ಕೇಳಿದ್ರಿ, ಮಾಡಿದೀನಿ ಅಂದೆ. ಬ್ಯಾರೆ ಏನೂ ನೀವು ಕೇಳ್ಳಿಲ್ಲ ಸಾರ್.” ಅವನ ದನಿ ಏರಿತು. “ಗಿರಾಕಿ ಮುಂದೆ, ನೀವೇ ಬ್ಯಾಡ ಅಂದಿದ್ದು ಅಂತ ಎಂಗೇಳ್ಳಿ? ನಿಮಗೇ ನೆನಪಾಯ್ತದೆ ಅಂತ ಮುಖ ನೋಡ್ತಾ ನಿಂತಿದ್ದೆ. ಅನ್ನೊಂದು ವರ್ಷ ಸಾರ್! ಬಗ್ಗಿ ಗೆರೆನಾದ್ರೂ ನೋಡ್ಬಾರ್ದಾಗಿತ್ತಾ?”

ತಪ್ಪಾಯಿತು ಎಂದೆ. ಕೆಲಸಕ್ಕೆ ಬಾ ಎಂದೆ.

“ಬರ್ತೀನಿ. ಆದ್ರೆ ಯಾರ ಮುಂದೆ ಕಳಿಸಿದ್ರೋ ಅವರ ಮುಂದೆನೇ ಕರೀಬೇಕು.”

ಬುಧವಾರ ಬೆಳಿಗ್ಗೆ ಗೋಪಾಲಪ್ಪನವರನ್ನು ಕರೆಸಿದೆ. ಜಯಮ್ಮನೂ ಬಂದಿದ್ದರು. ಪಕ್ಕದ ಅಂಗಡಿಯವರನ್ನೂ ಕೂಗಿದೆ. ಬಿಚ್ಚಿದ ರಿಮ್ಮುಗಳನ್ನು ಸಾಲಾಗಿ ಇಟ್ಟು, ಬಣ್ಣ ಪುಡಿಯಾದದ್ದನ್ನು ತೋರಿಸಿ, ತೊಳೆದಾಗ ತೆಗೆದ ಗೆರೆಗಳ ಫೋಟೋ ತೋರಿಸಿ, ನಡೆದದ್ದನ್ನು ಮೊದಲಿನಿಂದ ಹೇಳಿದೆ. ಕೋಟಿಂಗ್ ನೋಡದೆ ಸಹಿ ಹಾಕಿದವನು ನಾನು. ಕೆರೆಯುತ್ತೇನೆ ಎಂದವನನ್ನು ತಡೆದವನು ನಾನು. ನೂರು ಕಿಲೋಮೀಟರಿನ ತಪಾಸಣೆ ಬಿಟ್ಟುಕೊಟ್ಟವನೂ ನಾನೇ. ಪುಟ್ಟಸ್ವಾಮಿ ತನ್ನ ಕೆಲಸ ಸರಿಯಾಗಿ ಮಾಡಿದ್ದ.

ಗೋಪಾಲಪ್ಪ ಬಗ್ಗಿ ರಿಮ್ಮಿನ ಕುಳಿಯಲ್ಲಿ ಬೆರಳಾಡಿಸಿದರು. ಗಾಡಿ ತೆಗೆದುಕೊಂಡು ಹೋಗಿಬಿಡುತ್ತಾರೆ, ಊರೆಲ್ಲ ಹೇಳುತ್ತಾರೆ ಎಂದುಕೊಂಡೆ. ಹೇಳಿದ್ದರೂ ತಪ್ಪಿರಲಿಲ್ಲ.

“ಒಂದೂವರೆ ಗಂಟೆ ನನ್ ಜೊತೆ ಜಗಳ ಆಡಿದ್ರಲ್ಲ ಸಾರ್,” ಎಂದರು ಕೊನೆಗೆ. “ಬಣ್ಣಕ್ಕೂ ಅಂಗೇ ಒಂದ್ ಐದು ನಿಮಿಷ ಆಡಿದ್ರೆ ನಾನೇನ್ ಬ್ಯಾಡ ಅಂತಿದ್ನಾ?”

ಜಯಮ್ಮ ನಡುವೆ ಬಾಯಿ ಹಾಕಿದರು. “ಅವ್ರೊಬ್ರನ್ನೇ ಯಾಕಂತೀರಾ? ಕಬ್ಬಿಣ ತಾಗಿಸ್ಬೇಡಿ ಅಂದಿದ್ದು ನಾನು. ಆ ಗೆರೆ ಮೇಲೆ ಅರಿಶಿನ ಬಳಿದಿದ್ದೂ ನಾನೇ.”

ಗೋಪಾಲಪ್ಪ ಪುಟ್ಟಸ್ವಾಮಿಯ ಕಡೆ ತಿರುಗಿದರು. “ಅಣ್ಣ, ಆವತ್ತು ಬಾಯಿಗೆ ಬಂದಂಗೆ ಅಂದ್ಬಿಟ್ಟೆ. ಮನಸ್ಸಲ್ಲಿಟ್ಕೋಬೇಡ.”

“ಮಗು ಇತ್ತಲ್ಲ ಅಣ್ಣ, ಯಾರಾದ್ರೂ ಅಂತಾರೆ,” ಎಂದ ಪುಟ್ಟಸ್ವಾಮಿ. ಆಮೇಲೆ ನನ್ನ ಕಡೆ ನೋಡಿದ. ಇನ್ನೊಂದು ಮಾತು ಬಾಕಿ ಇತ್ತು.

“ಬಾರಯ್ಯಾ ಪುಟ್ಟಸ್ವಾಮಿ, ಕೆಲಸ ಶುರು ಮಾಡು,” ಎಂದು ಎಲ್ಲರಿಗೂ ಕೇಳುವಂತೆ ಕರೆದೆ. ಮೇಜಿನ ಮೇಲಿದ್ದ ಮಾರ್ಕರನ್ನು ತಂದು ಅವನ ಕೈಗೆ ಕೊಟ್ಟೆ.

ಐದೂ ರಿಮ್ಮುಗಳ ಕುಳಿ, ಹಿಂಭಾಗ ಎಲ್ಲವನ್ನೂ ಲೋಹ ಕಾಣುವವರೆಗೆ ಕೆರೆಯಲು ಮೂರು ಗಂಟೆ ಹಿಡಿಯಿತು. ಮುಂದಿನ ಎಡಗಾಲಿಯ ಬೋಲ್ಟುಗಳಿಗೆ ಪೆಟ್ಟು ಬಿದ್ದಿತ್ತು. ಪುಟ್ಟಸ್ವಾಮಿ ಆರನ್ನೂ ತೆಗೆದು ಹೊಸದು ಹಾಕಿದ. ಜಯಮ್ಮ ಒಂದು ಸ್ಟೂಲ್ ಎಳೆದುಕೊಂಡು ಪೂರ್ತಿ ಕೂತು ನೋಡಿದರು. ರೆಂಚು ಪ್ರತಿ ಸಲ ‘ಕಟಕ್’ ಎಂದಾಗಲೂ ಬೆರಳು ಮಡಿಸುತ್ತಿದ್ದರು. ಕೊನೆಗೆ ಪರ್ಸಿನಿಂದ ಕುಂಕುಮದ ಭರಣಿ ತೆಗೆದು, “ಎಲ್ಲಿ ಹಚ್ಲಪ್ಪಾ?” ಎಂದು ಪುಟ್ಟಸ್ವಾಮಿಯನ್ನು ಕೇಳಿದರು. ಅವನು ಟೈರಿನ ರಬ್ಬರ್ ತೋರಿಸಿದ. ಅಲ್ಲೇ ಹಚ್ಚಿದರು. ಶನಿವಾರ ಗಾಡಿ ನೂರ ಆರು ಕಿಲೋಮೀಟರಿಗೆ ತಪಾಸಣೆಗೆ ಬಂತು. ಇಪ್ಪತ್ತನಾಲ್ಕು ನಟ್ಟುಗಳೂ ನೂರ ನಲವತ್ತರಲ್ಲೇ ಇದ್ದವು. ಮುಂದಿನ ಮಳೆಗಾಲದಲ್ಲಿ ಗೋಪಾಲಪ್ಪ ತೋಟದ ಗೇಟಿನೆದುರು ಕೆಸರು ಮೆತ್ತಿದ ಗಾಡಿ ನಿಲ್ಲಿಸಿಕೊಂಡು ಫೋಟೋ ಕಳಿಸಿದರು. ಟ್ರ್ಯಾಕ್ಟರ್ ಬೇಕಾಗಿರಲಿಲ್ಲ.

ಈ ಪ್ರಸಂಗದಿಂದ ನಾನು ಕಲಿತದ್ದನ್ನು ನೇರವಾಗಿ ಹೇಳುತ್ತೇನೆ. ದೊಡ್ಡ ವಿಷಯದಲ್ಲಿ ಹಟ ಹಿಡಿದು ಗೆದ್ದವನು, ಆ ಖುಷಿಗೆ ಚಿಕ್ಕ ವಿಷಯಗಳನ್ನು ಧಾರಾಳವಾಗಿ ಬಿಟ್ಟುಕೊಡುತ್ತಾನೆ. ಅಳತೆ, ಹಲ್ಲು, ಗೋಡೆಯ ಎತ್ತರ ಎಲ್ಲವನ್ನೂ ಸರಿಯಾಗಿ ಆರಿಸಿದ್ದೆ. ಆ ಆಯ್ಕೆಯನ್ನೆಲ್ಲ ಹಿಡಿದು ನಿಲ್ಲಿಸಬೇಕಾಗಿದ್ದದ್ದು ಉಗುರಿನಷ್ಟಗಲದ ಬರಿ ಲೋಹ, ಅದನ್ನು ಹೇಳಲು ಬಂದವನಿಗೆ ಕೈಸನ್ನೆ ಮಾಡಿ ಕಳಿಸಿದ್ದೆ. ಅಂದಿನಿಂದ, ಗಾಡಿಯ ಕೆಲಸ ಬರೆದಿಡುವ ನಮ್ಮ ಜಾಬ್ ಕಾರ್ಡಿನ ಕೊನೆಯಲ್ಲಿ ಫಿಟ್ಟರನ ಸಹಿ. ಅದಿಲ್ಲದೆ ಬರೀ ನನ್ನ ‘ಓಕೆ’ಗೆ ಗಾಡಿ ಹೊರಗೆ ಹೋಗುವುದಿಲ್ಲ.

ಚಟ ಅಷ್ಟು ಸುಲಭವಾಗಿ ಬಿಡುತ್ತದೆಯೇ? ಕಳೆದ ತಿಂಗಳು ಏರ್‌ಪೋರ್ಟಿಗೆ ಹೊರಟಿದ್ದ ಗಿರಾಕಿಯೊಬ್ಬರು ಅವಸರ ಮಾಡುತ್ತಿದ್ದರು. ಪುಟ್ಟಸ್ವಾಮಿ ಹಬ್ಬಿನ ತುಕ್ಕು ಉಜ್ಜುತ್ತಾ ಕೂತಿದ್ದ. ‘ಸಾಕು, ಹಾಕಿಬಿಡಯ್ಯಾ’ ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. ಅವನು ಎದ್ದು ಬಂದ. ಜೇಬಿನಿಂದ ಹಳದಿ ಮಾರ್ಕರ್ ತೆಗೆದು ನನ್ನ ಮುಂದೆ ಹಿಡಿದ.

“ಅಂಗಾದ್ರೆ ಗೆರೆ ನೀವೇ ಎಳೀರಿ ಸಾರ್.”

ನಾನು ಮಾರ್ಕರನ್ನು ಮುಟ್ಟಲಿಲ್ಲ. ಗಿರಾಕಿಯ ಕಡೆ ತಿರುಗಿ, ಇನ್ನೂ ಇಪ್ಪತ್ತು ನಿಮಿಷ ಆಗುತ್ತದೆ, ಕಾಫಿ ತರಿಸುತ್ತೇನೆ, ಕೂತ್ಕೊಳ್ಳಿ ಎಂದೆ.